ನೀರು ಬಿಟ್ಟುಕೊಟ್ಟ ಗುಡಿಯ ಮುಂದೆ

ಮೇ ತಿಂಗಳ ಒಂದು ಭಾನುವಾರ. ಇನ್ನೂ ಎಂಟು ಹೊಡೆದಿಲ್ಲ, ಬಿಸಿಲು ಆಗಲೇ ಬೆನ್ನು ಸುಡುತ್ತಿದೆ. ಹಿಡಕಲ್ ಜಲಾಶಯದ ಹಿನ್ನೀರು ಸರಿದು ತೆರವಾದ ಬಯಲಿನಲ್ಲಿ ನಾವು ಸಾಲು ಹಿಡಿದು ನಡೆಯುತ್ತಿದ್ದೇವೆ. ಎಲ್ಲರ ಹೆಗಲಿಗೂ ಚೀಲ, ಕೈಯಲ್ಲಿ ಮಡಚುವ ಸ್ಟೂಲು, ಬಗಲಲ್ಲಿ ಡ್ರಾಯಿಂಗ್ ಬೋರ್ಡು. ಕಾಲಡಿಯ ಮೆಕ್ಕಲು ಮಣ್ಣು ಒಣಗಿ ಬಿರಿದು ಅಂಗೈಯಗಲದ ಹೆಂಟೆಗಳಾಗಿದೆ. ಮೇಲೆ ಹೆಜ್ಜೆ ಇಟ್ಟರೆ ಹೆಂಟೆ ಲಟಕ್ಕನೆ ಮುರಿಯುತ್ತದೆ. ಬಿರುಕಿನೊಳಗೆ ಬೆರಳಿಟ್ಟರೆ ಇನ್ನೂ ತಂಪು. ಎಲ್ಲೆಂದರಲ್ಲಿ ಬಸವನಹುಳುವಿನ ಬಿಳಿ ಚಿಪ್ಪು, ಹರಿದ ಬಲೆಯ ನೀಲಿ ನೂಲು, ಬೇರು ಸಮೇತ ಬಿದ್ದ ಒಣ ಜಾಲಿ. ದಾರಿ ಎಂದು ಮಾಡಿದ್ದಿಲ್ಲ. ಎಮ್ಮೆಗಳು ನೀರಿಗೆ ಹೋಗಿ ಬರುವ ಜಾಡೇ ದಾರಿ.

ಜಾಡು ಸಣ್ಣದೊಂದು ಏರು ಹತ್ತಿ ಇಳಿಯುತ್ತಲೇ ಮುಂದೆ ಹೋಗುತ್ತಿದ್ದ ಹುಡುಗ ನಿಂತುಬಿಟ್ಟ. ಅವನ ಹಿಂದೆ ನಾವೂ ನಿಂತೆವು. ಎದುರಿಗೆ ಹುನ್ನೂರಿನ ವಿಠ್ಠಲನ ಗುಡಿ.

ವರ್ಷದ ಬಹುಪಾಲು ಈ ಕಲ್ಲಿನ ಗುಡಿ ನೀರಿನಲ್ಲಿರುತ್ತದೆ. ಘಟಪ್ರಭೆ ತುಂಬಿ ಬಂದ ಮೇಲೆ ಶಿಖರವೂ ಮುಳುಗುತ್ತದೆ. ಬೇಸಿಗೆಯಲ್ಲಿ ಕಾಲುವೆಗಳಿಗೆ ನೀರು ಬಿಟ್ಟು ಬಿಟ್ಟು ಜಲಾಶಯ ತಗ್ಗಿದಾಗ ಮೊದಲು ತುದಿ, ಆಮೇಲೆ ಗೋಡೆ, ಕಡೆಗೆ ಕಟ್ಟೆ ಹೊರಗೆ ಬರುತ್ತವೆ. ಈಗ ಗುಡಿ ಅಡಿಯಿಂದ ಮುಡಿಯವರೆಗೆ ಒಣಗಿ ನಿಂತಿದೆ. ಸುತ್ತ ಒಂದು ಮನೆಯಿಲ್ಲ, ಒಂದು ಗಿಡದ ನೆರಳಿಲ್ಲ. ಜಲಾಶಯದಲ್ಲಿ ಮುಳುಗುವ ಮುನ್ನ ಊರಿನ ನಡುವೆ ನಿಂತಿದ್ದ ಗುಡಿಯನ್ನು ಹೀಗೆ ಬಟ್ಟಬಯಲಿನಲ್ಲಿ ಕಂಡರೆ ಕಣ್ಣಿಗೆ ಅಳತೆಯೇ ಸಿಗುವುದಿಲ್ಲ. ಎಷ್ಟು ಎತ್ತರ? ಎಷ್ಟು ದೂರ? ಪಕ್ಕದಲ್ಲಿ ಒಂದು ಎಮ್ಮೆ ಬಂದು ನಿಂತ ಮೇಲೆಯೇ ಗುಡಿಯ ಅಂದಾಜು ಹತ್ತುವುದು.

"ಯಾರೂ ಬುಕ್ ತಗೀಬ್ಯಾಡ್ರಿ," ಎನ್ನುತ್ತಾರೆ ಮಾಸ್ತರರು. "ಮದಲ ಸುತ್ತ ಹಾಕಿ ಬರ್ರಿ. ಕೈಗೆ ಕೆಲಸ ಆಮ್ಯಾಲೆ."

ಮಾಸ್ತರರು ಗೋಕಾಕದವರು, ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಅವರನ್ನು ಬಿಟ್ಟರೆ ಗುಂಪಿನಲ್ಲಿ ಚಿತ್ರವನ್ನೇ ವೃತ್ತಿ ಮಾಡಿಕೊಂಡವರು ಯಾರೂ ಇಲ್ಲ. ಸಂಕೇಶ್ವರದಲ್ಲಿ ಔಷಧಿ ಅಂಗಡಿ ಇಟ್ಟವರೊಬ್ಬರು, ಹುಕ್ಕೇರಿಯ ಬ್ಯಾಂಕೊಂದರ ಕ್ಯಾಶ್ ಕೌಂಟರಿನಲ್ಲಿ ಕೂರುವ ಅಕ್ಕ, ಮೂಡಲಗಿಯಿಂದ ಬೈಕಿನಲ್ಲಿ ಬಂದ ಇಬ್ಬರು ಡಿಗ್ರಿ ಹುಡುಗರು, ಬೆಳಗಾವಿಯಿಂದ ಮಗಳನ್ನೂ ಕರೆದುಕೊಂಡು ಬಂದ ಗಂಡ ಹೆಂಡತಿ. ಇದು ಸಂಘವಲ್ಲ, ಅಧ್ಯಕ್ಷರು, ಚಂದಾ, ವಾರ್ಷಿಕೋತ್ಸವ ಯಾವುದೂ ಇಲ್ಲ. ಫೋನಿನಲ್ಲಿ ಒಂದು ಸಂದೇಶ ಹೋಗುತ್ತದೆ, ಬಿಡುವಿದ್ದವರು ಬರುತ್ತಾರೆ. ಶಾಲೆಯಲ್ಲಿದ್ದಾಗ ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಕಟ್ಟಿ ಪಾಸಾಗಿ, ಆಮೇಲೆ ನೌಕರಿ, ಮದುವೆ, ಮನೆಸಾಲದ ಗದ್ದಲದಲ್ಲಿ ಬ್ರಷ್ಷು ಕೆಳಗಿಟ್ಟವರೇ ನಮ್ಮಲ್ಲಿ ಹೆಚ್ಚು.

ಈ ಸೀಮೆಗೆ ಚಿತ್ರವಿದ್ಯೆ ಹೊಸದಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರ ಚಿತ್ರಮಂದಿರ ಎಂಬ ಕಲಾಶಾಲೆ, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರ ಕಲಾಶಾಲೆ, ಗದಗಿನಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾಮಂದಿರ ಎಷ್ಟು ಕೈಗಳನ್ನು ತಿದ್ದಿದವೋ ಲೆಕ್ಕವಿಲ್ಲ. ದೇಶದ ದೊಡ್ಡ ಇಲಸ್ಟ್ರೇಟರುಗಳಲ್ಲಿ ಒಬ್ಬರಾದ ರವಿ ಪರಾಂಜಪೆ ಬೆಳಗಾವಿಯಲ್ಲೇ ಹುಟ್ಟಿ, ಕುಲಕರ್ಣಿಯವರ ಕೈಕೆಳಗೆ ಕಲಿತವರು. ಇನ್ನು ಗೋಕಾಕದ ಮರದ ಗೊಂಬೆ, ಮರದ ಹಣ್ಣುಗಳನ್ನು ನೋಡದವರು ಈ ಭಾಗದಲ್ಲಿ ಯಾರಿದ್ದಾರೆ? ಮಾವಿನಹಣ್ಣಿನ ಹಳದಿ ಯಾವ ಜಾಗದಲ್ಲಿ ಕೆಂಪಿಗೆ ತಿರುಗಬೇಕು ಎಂಬುದನ್ನು ತಾವು ಮೊದಲು ಕಲಿತದ್ದು ಪುಸ್ತಕದಿಂದಲ್ಲ, ಗೊಂಬೆ ಮಾಡುವವರ ಜಗಲಿಯ ಮೇಲೆ ಕುಳಿತು ಎಂದು ಮಾಸ್ತರರು ಹೇಳುತ್ತಿರುತ್ತಾರೆ.

ನಸುಕಿನಲ್ಲಿ ಎಲ್ಲರೂ ಸೇರಿದ್ದು ಹಿಡಕಲ್ ಡ್ಯಾಮಿನ ಚಾದಂಗಡಿಯ ಮುಂದೆ. ಬೆಳಗಾವಿಯವರು ವಂಟಮುರಿ ಘಾಟು ದಾಟಿ, ಹತ್ತರಗಿಯಲ್ಲಿ ಹೆದ್ದಾರಿ ಬಿಟ್ಟು ಬಂದಿದ್ದರು. ಅವರು ದಾಟಿ ಬಂದ ಆ ವಂಟಮುರಿಯ ದೇಸಾಯರ ಹೆಸರೇ ಈ ಜಲಾಶಯಕ್ಕೆ: ರಾಜಾ ಲಖಮಗೌಡ. ಬೆಳಗಾವಿಯ ಆರ್‌ಎಲ್‌ಎಸ್ ಕಾಲೇಜಿಗೆ ಹೆಸರಾದವರೂ ಅವರೇ. ಅಣೆಕಟ್ಟೆ 1977ರದು. ಎತ್ತರ ಸುಮಾರು 62 ಮೀಟರ್, ಹತ್ತು ಗೇಟು, 51 ಟಿಎಂಸಿ ನೀರು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಮೂರು ಲಕ್ಷ ಹೆಕ್ಟೇರಿಗೂ ಮಿಕ್ಕಿದ ಭೂಮಿ ಈ ಯೋಜನೆಯ ನೀರನ್ನು ನಂಬಿದೆ. ಚಾ ಬರುವಷ್ಟರಲ್ಲಿ ಕೈ ಬಿಸಿ ಮಾಡಿಕೊಳ್ಳಲು ಐದು ನಿಮಿಷದ ಸ್ಕೆಚ್ಚು ನಮ್ಮ ರೂಢಿ: ಅಂಗಡಿಯ ಸ್ಟೋವು, ಬೆಂಚಿನ ಮೇಲೆ ಕಾಲು ಮಡಿಚಿ ಕೂತ ಕಾಕಾ, ತೂಗುಹಾಕಿದ ಬಾಳೆಗೊನೆ. ಐದು ನಿಮಿಷದಲ್ಲಿ ರಬ್ಬರು ಬಳಸಲು ಸಮಯವೇ ಇರುವುದಿಲ್ಲ. ಗೆರೆ ಹಾಕಿದ್ದೇ ಹಾಕಿದ್ದು. ಅಷ್ಟಾದರೆ ದಿನದ ಅಂಜಿಕೆ ಕಳೆಯಿತು.

ಈಗ ಗುಡಿಯ ಸುತ್ತ ಬರುತ್ತಿದ್ದೇನೆ. ದೂರದಿಂದ ಕಪ್ಪಗೆ ಕಂಡ ಕಲ್ಲು ಹತ್ತಿರದಲ್ಲಿ ಕಪ್ಪೇ ಅಲ್ಲ. ಅಡಿಪಾಯದ ಹತ್ತಿರ ಮೆಕ್ಕಲಿನ ಬೂದುಗಂದು. ಮೊಳಕಾಲಿನಿಂದ ಮೇಲಕ್ಕೆ ಒಣಗಿದ ಪಾಚಿ, ಹಸಿರು ಹೋಗಿ ಮಾಸಲು ಹಳದಿಗೆ ತಿರುಗಿದೆ, ಉಗುರಿನಿಂದ ಕೆರೆದರೆ ಹಾಳೆಯಾಗಿ ಏಳುತ್ತದೆ. ಅದರ ಮೇಲೆ ಸುಣ್ಣ ಬಳಿದಂಥ ಬಿಳಿ ಪೊರೆ. ಕಂಬಗಳ ಮೂಲೆಮೂಲೆಗೂ ಸಾಸಿವೆಗಿಂತ ತುಸು ದೊಡ್ಡ ಚಿಪ್ಪುಗಳು ಅಂಟಿಕೊಂಡಿವೆ. ಇಷ್ಟು ವರ್ಷ ನೀರಿನಲ್ಲಿದ್ದರೂ ಕಲ್ಲಿನ ಅಂಚು ಅಲ್ಲಲ್ಲಿ ಚೂಪಾಗಿಯೇ ಉಳಿದಿದೆ. ಬೆರಳು ಆಡಿಸಿದರೆ ಉಳಿಯ ಗುರುತು ಸಿಗುತ್ತದೆ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋಡೆಯ ಅಡ್ಡಗೆರೆಗಳು. ನೀರು ಒಂದೇ ಸಲಕ್ಕೆ ಇಳಿಯುವುದಿಲ್ಲ. ಒಂದು ಮಟ್ಟದಲ್ಲಿ ಕೆಲವು ದಿನ ನಿಂತು, ಕಾಲುವೆಗೆ ಬಿಟ್ಟಾಗ ತಗ್ಗಿ, ಮತ್ತೆ ನಿಲ್ಲುತ್ತದೆ. ನಿಂತಲ್ಲೆಲ್ಲ ತೆಳ್ಳನೆಯ ಗೆರೆ ಎಳೆದು ಹೋಗಿದೆ. ಕೆಲವು ಕೂದಲಿನಷ್ಟು ಸಣ್ಣ, ಕೆಲವು ಬೆರಳಿನಷ್ಟು ದಪ್ಪ. ಗೋಡೆಯಿಂದ ಕಂಬಕ್ಕೆ, ಕಂಬದಿಂದ ಇನ್ನೊಂದು ಗೋಡೆಗೆ ಒಂದಿಷ್ಟೂ ಏರುಪೇರಿಲ್ಲದೆ ಹರಿದಿವೆ. ಯಾವ ಸ್ಕೇಲು ಹಿಡಿದೂ ಇಷ್ಟು ನೇರ ಗೆರೆ ಎಳೆಯಲಾಗದು. ದೂರದಿಂದ ಫೋಟೋ ತೆಗೆದಿದ್ದರೆ ಇವು ಕಾಣುತ್ತಲೇ ಇರಲಿಲ್ಲ.

ಕೂರುವ ಜಾಗ ಹುಡುಕುವುದೇ ಅರ್ಧ ಚಿತ್ರ. ಬೆನ್ನಿಗೆ ಸೂರ್ಯನಿದ್ದರೆ ಗುಡಿ ಚಪ್ಪಟೆ. ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ, ಬಿಳಿ ಹಾಳೆ ನೋಡಲಾಗುವುದಿಲ್ಲ. ಪಕ್ಕದಿಂದ ಬೆಳಕು ಬೀಳುವಂತೆ, ಗುಡಿಯ ಒಂದು ಮೈ ಬಿಸಿಲಿಗೆ ಇನ್ನೊಂದು ನೆರಳಿಗೆ ಬರುವಂತೆ ಕೂತೆ. ಔಷಧಿ ಅಂಗಡಿಯವರು ದೊಡ್ಡ ಕೊಡೆ ನೆಟ್ಟು ಗೋಡೆಯ ಮೂಲೆಯೊಂದಕ್ಕೇ ಅಂಟಿಕೊಂಡರು. ಡಿಗ್ರಿ ಹುಡುಗರು ಅಷ್ಟು ದೂರ ಹೋಗಿ ನೀರಿನಂಚಿಗೆ ಕೂತರು. ಬೆಳಗಾವಿಯ ಮಗು ಮಣ್ಣಿನಲ್ಲೇ ಬೋರಲು ಮಲಗಿ ಚಿಪ್ಪುಗಳನ್ನು ಸಾಲಾಗಿ ಜೋಡಿಸತೊಡಗಿತು.

ಮೊದಲು ಅಂಗೈಯಗಲದ ಚೌಕದಲ್ಲಿ ಕಪ್ಪು, ಬೂದು, ಬಿಳಿ ಮೂರೇ ಬಣ್ಣದ ಸಣ್ಣ ಸ್ಕೆಚ್ಚು. ಬಾಗಿಲ ಒಳಗಿನ ಕತ್ತಲೆ ಕಪ್ಪು, ನೆರಳಿನ ಗೋಡೆ ಬೂದು, ಉಳಿದದ್ದೆಲ್ಲ ಬಿಳಿ. ಆಕಾಶ, ನೆಲ, ನೀರು ಎಲ್ಲವೂ ಮೇ ತಿಂಗಳ ಬಿಸಿಲಿಗೆ ಒಂದೇ ಬಿಳುಪು. ಆ ಬಿಳುಪನ್ನು ಬಣ್ಣದಿಂದ ತರಲಾಗುವುದಿಲ್ಲ; ಹಾಳೆಯನ್ನು ಮುಟ್ಟದೆ ಬಿಡಬೇಕು. ಬಿಡುವುದನ್ನು ಕಲಿಯಲು ಬಹಳ ಕಾಲ ಬೇಕು. ಆಮೇಲೆ ತೋಳು ನೇರ ಚಾಚಿ, ಪೆನ್ಸಿಲು ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ಅಳತೆ: ಬಾಗಿಲಿನ ಎತ್ತರ ಒಂದಾದರೆ ಗೋಡೆ ಎಷ್ಟು, ಶಿಖರ ಎಷ್ಟು. ನಮ್ಮ ಕಣ್ಣು ಶಿಖರವನ್ನು ಯಾವಾಗಲೂ ಇದ್ದದ್ದಕ್ಕಿಂತ ಎತ್ತರ ಮಾಡಿ ತೋರಿಸುತ್ತದೆ. ಪೆನ್ಸಿಲು ಅದನ್ನು ತಿದ್ದುತ್ತದೆ.

ಬಣ್ಣಕ್ಕೆ ಇಳಿದ ಮೇಲೆ ಬಿಸಿಲಿನ ಜೊತೆ ಪೈಪೋಟಿ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಕೂಡಿಸಿದರೆ ಕಲ್ಲಿನ ಬೂದು ಸಿಗುತ್ತದೆ. ನೀಲಿ ಹೆಚ್ಚಾದರೆ ನೆರಳು, ಕಂದು ಹೆಚ್ಚಾದರೆ ಬಿಸಿಲು ಬಿದ್ದ ಮೈ. ಆದರೆ ಮೇಲಿಂದ ತೆಳು ಬಣ್ಣದ ವಾಶ್ ಎಳೆದು ಕೆಳಗೆ ಬರುವಷ್ಟರಲ್ಲಿ ಮೇಲಿನದು ಒಣಗಿ ಗೆರೆ ಕಟ್ಟುತ್ತದೆ. ಬಿಸಿಲ ನಾಡಿನ ಜಲವರ್ಣಕ್ಕೆ ಬಿಸಿಲ ನಾಡಿನದೇ ಉಪಾಯ ಬೇಕು. ಹಾಳೆ ಸಣ್ಣದಿರಬೇಕು, ದಪ್ಪ ಇರಬೇಕು, ಹಿಂದೆ ಮುಂದೆ ಎರಡೂ ಕಡೆ ನೀರು ಹಚ್ಚಿ ನೆನೆಸಿಕೊಳ್ಳಬೇಕು, ಬ್ರಷ್ಷು ದೊಡ್ಡದಿರಬೇಕು. ಇಂಗ್ಲೆಂಡಿನ ಮಂಜು ಮೋಡದಲ್ಲಿ ಬರೆದ ಕೈಪಿಡಿಗಳಲ್ಲಿ ಒಂದು ವಾಶ್ ಒಣಗಲು ಕಾಯಿರಿ ಎಂದಿರುತ್ತದೆ. ಹಿಡಕಲ್ಲಿನ ಬಿಸಿಲು ಯಾರನ್ನೂ ಕಾಯಿಸುವುದಿಲ್ಲ. ಹಾಗೆಂದೇ ಗೋಡೆಯ ನೀರಿನ ಗೆರೆಗಳಿಗೆ ಈ ಬಿಸಿಲೇ ನೆರವಾಯಿತು. ಒಣಗಿದ ಬೂದಿನ ಮೇಲೆ ಬ್ರಷ್ಷಿನ ತುದಿಯಿಂದ ತೆಳುವಾಗಿ ಎಳೆದರೆ ಗೆರೆ ಹರಡದೆ ಚೂಪಾಗಿ ನಿಂತಿತು.

ಎರಡು ಗಂಟೆ ಒಂದೇ ಕಡೆ ಕೂತವರಿಗೆ ಜಾಗ ತನ್ನ ದಿನಚರಿ ತೋರಿಸುತ್ತದೆ. ಒಂಬತ್ತರ ಹೊತ್ತಿಗೆ ನೀರಿನ ಮೇಲಿಂದ ಗಾಳಿ ಏಳುತ್ತದೆ. ಬೆಳ್ಳಕ್ಕಿಗಳು ಎಮ್ಮೆಯ ಬೆನ್ನು ಬಿಟ್ಟು ನೀರಿನಂಚಿಗೆ ಇಳಿಯುತ್ತವೆ. ಹದ್ದೊಂದು ಶಿಖರದ ಮೇಲೆ ಬಂದು ಕೂರುತ್ತದೆ, ಏಳುತ್ತದೆ, ಸುತ್ತು ಹಾಕಿ ಮತ್ತೆ ಅಲ್ಲೇ ಕೂರುತ್ತದೆ. ಬಾಗಿಲ ನೆರಳು ಹೊಸ್ತಿಲು ಬಿಟ್ಟು ಒಳಗೆ ಸರಿಯುತ್ತದೆ. ಬಂದವರು ಬಹಳ. ಬೈಕಿನಲ್ಲಿ ಬರುತ್ತಾರೆ, ಗುಡಿಯ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ, ಕೈಮುಗಿದು ಹೊರಡುತ್ತಾರೆ. ಅವರ ಭಕ್ತಿಯೂ ನಿಜ, ಖುಷಿಯೂ ನಿಜ. ಆದರೂ ಇನ್ನೊಂದು ತಾಸು ಕೂತಿದ್ದರೆ ಎಷ್ಟು ಸಿಗುತ್ತಿತ್ತಲ್ಲ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ.

ಬೆನ್ನ ಹಿಂದೆ ಯಾರೋ ನಿಂತ ನೆರಳು ಹಾಳೆಯ ಮೇಲೆ ಬಿತ್ತು. ತಿರುಗಿ ನೋಡಿದರೆ ಎಮ್ಮೆ ಮೇಯಿಸಲು ಬಂದ ಅಜ್ಜ. ತಲೆಗೆ ಪಟಕಾ, ಕೈಯಲ್ಲಿ ಕೋಲು. ಬಹಳ ಹೊತ್ತು ಮಾತಾಡಲಿಲ್ಲ. ಚಿತ್ರ ನೋಡಿದರು, ಗುಡಿ ನೋಡಿದರು, ಮತ್ತೆ ಚಿತ್ರ ನೋಡಿದರು.

"ಗುಡಿ ಚಂದ ಬಂದೈತ್ರಿ," ಎಂದರು. "ಆದ್ರ ಊರ ಎಲ್ಲೈತಿ?"

ಬ್ಯಾಂಕಿನ ಅಕ್ಕ ತಮ್ಮ ಸ್ಟೂಲು ಎತ್ತಿಕೊಂಡು ಹತ್ತಿರ ಬಂದರು. "ನೀವು ಊರ ನೋಡೀರೇನ್ರಿ ಅಜ್ಜಾರ?"

"ನೋಡೀರೇನು ಅಂತೀರಲ್ಲವಾ. ಹುಟ್ಟಿದ್ದ ಇಲ್ಲೆ."

ಅಜ್ಜ ಕುಕ್ಕರಗಾಲಿನಲ್ಲಿ ಕೂತು, ಅಂಗೈಯಿಂದ ನೆಲದ ಹೆಂಟೆ ಸರಿಸಿ, ಅಡಿಯ ಹುಡಿಮಣ್ಣು ಸಮ ಮಾಡಿದರು. ಕೋಲಿನ ತುದಿಯಿಂದ ಒಂದು ಚೌಕ ಬರೆದರು. ಇದು ಗುಡಿ. ಗುಡಿಯ ಮುಂದಿನಿಂದ ಒಂದು ಉದ್ದ ಗೆರೆ, ಹೊಳೆಗೆ ಹೋಗುವ ಹಾದಿ. ಹಾದಿಯ ಎಡಕ್ಕೆ ಒಂದು ಸುತ್ತು, ಬಾವಿ. ಬಲಕ್ಕೆ ಚಾವಡಿ. ಚಾವಡಿಯ ಹಿಂದೆ ಓಣಿ, ಓಣಿಯ ಎರಡೂ ಕಡೆ ಸಣ್ಣ ಸಣ್ಣ ಚೌಕ. ಒಂದೊಂದು ಚೌಕಕ್ಕೂ ಒಂದು ಹೆಸರು ಹೇಳಿದರು, ಯಾರ ಮನೆ, ಯಾರ ಕೊಟ್ಟಿಗೆ, ಯಾರ ಮನೆಯ ಮುಂದೆ ಬೇವಿನ ಗಿಡ. ಕೈ ಎಲ್ಲಿಯೂ ತಡೆಯಲಿಲ್ಲ. ಒಂದು ಗೆರೆಯನ್ನೂ ಅಳಿಸಿ ಬರೆಯಲಿಲ್ಲ. ಕೊನೆಗೆ ಒಂದು ಚೌಕದ ನಡುವೆ ಕೋಲು ಊರಿ, "ಇದು ನಮ್ಮನಿ" ಎಂದರು. ಆಮೇಲೆ ಎದ್ದು ಕೋಲನ್ನು ಬಯಲಿನತ್ತ ಚಾಚಿ ತೋರಿಸಿದರು. ಅಲ್ಲಿ ಈಗ ಬಿರಿದ ಮಣ್ಣು, ಅದರಾಚೆ ನೀರು.

ಅಷ್ಟರಲ್ಲಿ ಎಲ್ಲರೂ ಬಂದು ಸುತ್ತ ನೆರೆದಿದ್ದರು. ಮಾಸ್ತರರು ತಗ್ಗಿದ ದನಿಯಲ್ಲಿ ಇಷ್ಟೇ ಹೇಳಿದರು: "ಇಳಿಸ್ಕೊಳ್ರಿ ಇದನ್ನ." ಬ್ಯಾಂಕಿನ ಅಕ್ಕ ಆಗಲೇ ಹೊಸ ಹಾಳೆ ತಿರುವಿದ್ದರು. ಒಂದೊಂದು ಮನೆಗೂ ಅಜ್ಜ ಹೇಳಿದ ಹೆಸರು ಬರೆದು, ತಿರುಗಿ ಓದಿ ಹೇಳಿ, ಸರಿಯಿದೆಯೇ ಎಂದು ಕೇಳಿಕೊಂಡರು. ಉಳಿದವರೂ ತಮ್ಮ ತಮ್ಮ ಬುಕ್ಕಿನಲ್ಲಿ ಬರೆದುಕೊಂಡೆವು. ಡಿಗ್ರಿ ಹುಡುಗನೊಬ್ಬ ನಕ್ಷೆ ಬಿಟ್ಟು ಅಜ್ಜನ ಕೈಯನ್ನು ಮಾತ್ರ ಬಿಡಿಸಿದ: ಕೋಲು ಹಿಡಿದ ಬೆರಳು, ಉಬ್ಬಿದ ನರ, ಉಗುರಿನಡಿಯ ಮಣ್ಣು. ಇವತ್ತಿನ ಎಲ್ಲ ಹಾಳೆಗಳಲ್ಲಿ ಅದೇ ಒಳ್ಳೆಯದು ಎಂದು ನನ್ನ ತೀರ್ಮಾನ.

ಸರ್ವೆ ಇಲಾಖೆಯ ಹಳೆಯ ನಕ್ಷೆಯಲ್ಲಿ ಹೊಲದ ಗಡಿ, ಸರ್ವೆ ನಂಬರು ಸಿಗಬಹುದು. ಯಾರ ಮನೆಯ ಮುಂದೆ ಬೇವಿನ ಗಿಡ ಇತ್ತು, ಹೆಂಗಸರು ಬಾವಿಗೆ ಯಾವ ಸಂದಿಯಿಂದ ಹೋಗುತ್ತಿದ್ದರು ಎಂಬುದು ಅದರಲ್ಲಿ ಇರುವುದಿಲ್ಲ. ಇದೇ ಘಟಪ್ರಭೆಯ ದಂಡೆಯ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಶಿವಾಪುರವೆಂಬ ಊರನ್ನು ನಾಟಕ, ಕಾವ್ಯ, ಕಾದಂಬರಿಗಳಲ್ಲಿ ಕಟ್ಟಿ ನಿಲ್ಲಿಸಿದರು. ಅಂಥ ಶಕ್ತಿ ನಮಗೆಲ್ಲಿಂದ ಬರಬೇಕು? ಆದರೆ ಕಂಡವರ ಬಾಯಿಂದ ಕೇಳಿ ಒಂದು ಓಣಿಯನ್ನು ಕಾಗದಕ್ಕೆ ಇಳಿಸುವುದು ಹವ್ಯಾಸಿಯ ಕೈಗೂ ಎಟಕುವ ಕೆಲಸ. ಜಲಾಶಯ ಕಟ್ಟಿದ್ದು ತಪ್ಪು ಎಂದು ಅಜ್ಜನೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಕೆಳಗಿನ ಊರುಗಳ ಕಬ್ಬು, ಗೋವಿನಜೋಳ, ಕುಡಿಯುವ ನೀರು ಎಲ್ಲ ಇದರಿಂದಲೇ. ಅದಕ್ಕಾಗಿ ಊರು ಬಿಟ್ಟುಕೊಟ್ಟವರ ಓಣಿ ಒಂದು ಹಾಳೆಯ ಮೇಲಾದರೂ ಉಳಿಯಲಿ ಎನ್ನುವುದು ದೊಡ್ಡ ಬೇಡಿಕೆಯಲ್ಲ.

ಹನ್ನೊಂದೂವರೆಗೆ ಬಿಸಿಲು ಕೂರಗೊಡಲಿಲ್ಲ. ದಂಡೆಯ ಮೇಲಿನ ಜಾಲಿ ನೆರಳಿಗೆ ಹೋಗಿ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಕಡೆಗೆ ಗೋಕಾಕದ ಕರದಂಟು. ಅಜ್ಜನನ್ನೂ ಕರೆದೆವು, ಎಮ್ಮೆ ಬಿಟ್ಟು ಬರಲಾರೆ ಎಂದರು. ಅವರಿದ್ದಲ್ಲಿಗೇ ರೊಟ್ಟಿ ಹೋಯಿತು.

ಊಟದ ನಂತರದ ಹೊತ್ತು ನನಗೆ ಚಿತ್ರ ಬಿಡಿಸುವುದಕ್ಕಿಂತ ಪ್ರಿಯ. ಎಲ್ಲರ ಹಾಳೆಗಳನ್ನು ನೆಲದ ಮೇಲೆ ಹರಡಿ, ಗಾಳಿಗೆ ಹಾರದಂತೆ ಮೂಲೆಗೆ ಕಲ್ಲು ಇಟ್ಟು, ನಿಂತು ನೋಡುವುದು. ನಮ್ಮಲ್ಲಿ ಒಂದೇ ಕಟ್ಟಳೆ: ಚಂದ ಇದೆ, ಚಂದ ಇಲ್ಲ ಎಂದು ಹೇಳುವ ಹಾಗಿಲ್ಲ, ಏನು ಕಾಣುತ್ತದೆ ಎಂದು ಹೇಳಬೇಕು. ಒಂದೇ ಗುಡಿ, ಒಂದೇ ಬೆಳಗು, ಒಂದು ಹಾಳೆಯಂತೆ ಇನ್ನೊಂದಿಲ್ಲ. ಔಷಧಿ ಅಂಗಡಿಯವರ ಹಾಳೆಯಲ್ಲಿ ಗುಡಿಯೇ ಇಲ್ಲ, ಗೋಡೆಯ ಒಂದು ಮೊಳ ಜಾಗ, ಅದರ ಚಿಪ್ಪು, ಪಾಚಿ, ಬಿಳಿ ಪೊರೆ ಮಾತ್ರ. ಮಾಸ್ತರರದು ತದ್ವಿರುದ್ಧ. ಹಾಳೆಯ ಮುಕ್ಕಾಲು ಪಾಲು ಆಕಾಶ, ಕೆಳಗೆ ಹೆಬ್ಬೆರಳಿನಷ್ಟು ಗುಡಿ, ಅದರ ಪಕ್ಕ ಒಂದು ಚುಕ್ಕೆ ಎಮ್ಮೆ. ಬೆಳಗಾವಿಯ ಅಪ್ಪ ನೀರಿನಾಚೆಯ ಗುಡ್ಡಸಾಲು ಬಿಡಿಸಿದ್ದರೆ, ಮಗಳು ತಾನು ಜೋಡಿಸಿದ ಚಿಪ್ಪುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆದು ಪ್ರತಿಯೊಂದಕ್ಕೂ ಬೇರೆ ಬಣ್ಣ ಹಾಕಿದ್ದಳು. ಬಿಳಿ ಚಿಪ್ಪಿಗೆ ನೇರಳೆ ಏಕೆ ಎಂದು ಅಮ್ಮ ಕೇಳಿದರೆ, ನೆರಳಿನಲ್ಲಿ ನೇರಳೆಯೇ ಕಾಣುತ್ತದೆ ಎಂದಳು. ಮಾಸ್ತರರು ಚಿಪ್ಪೊಂದನ್ನು ತೆಗೆದು ನೆರಳಿಗೆ ಹಿಡಿದರು. ಹುಡುಗಿ ಹೇಳಿದ್ದು ಸರಿ ಇತ್ತು.

ಸ್ಥಳದಲ್ಲೇ ಕೂತು, ಕಂಡದ್ದನ್ನೇ ಬಿಡಿಸಿ, ಜಾಗಕ್ಕೂ ಹೊತ್ತಿಗೂ ನಿಷ್ಠರಾಗಿರಬೇಕು ಎಂಬ ವಿಚಾರಕ್ಕೆ ಈಗ ಜಗತ್ತಿನ ತುಂಬ ಬಳಗವಿದೆ. ಅಮೆರಿಕದ ಸಿಯಾಟಲ್‌ನಲ್ಲಿ ಪತ್ರಿಕಾ ಚಿತ್ರಕಾರರಾಗಿದ್ದ ಗೇಬ್ರಿಯಲ್ ಕಂಪನಾರಿಯೋ 2007ರಲ್ಲಿ ಆರಂಭಿಸಿದ ಅರ್ಬನ್ ಸ್ಕೆಚರ್ಸ್ ಇಂದು ನೂರಾರು ಊರುಗಳಲ್ಲಿ ಹಬ್ಬಿದೆ. ಬೆಂಗಳೂರಿನಲ್ಲಿ ಪೆನ್ಸಿಲ್‌ಜ್ಯಾಮ್ ಎಂಬ ಗುಂಪಿನವರು ಪೇಟೆ, ಪಾರ್ಕುಗಳಲ್ಲಿ ಸೇರಿ ಬಿಡಿಸುತ್ತಾರೆ. ಅವರಂತೆ ನಾವೂ ಚಿತ್ರದ ಮೂಲೆಯಲ್ಲಿ ಜಾಗ, ತಾರೀಖು, ಹೊತ್ತು ಬರೆಯುತ್ತೇವೆ. ಹಿಡಕಲ್ಲಿಗೆ ಬಂದಾಗ ಅದರ ಜೊತೆ ಇನ್ನೊಂದು: ಅಂದಿನ ನೀರಿನ ಮಟ್ಟ. ಜಲಾಶಯಗಳ ಮಟ್ಟವನ್ನು ನಮ್ಮ ಪತ್ರಿಕೆಗಳು ಅಚ್ಚು ಹಾಕುತ್ತವಲ್ಲ, ಹಿಡಕಲ್ಲಿನ ಗರಿಷ್ಠ 2175 ಅಡಿಯ ಪಕ್ಕದಲ್ಲಿ ಇಂದಿನ ಮಟ್ಟ ಎಷ್ಟು ಎಂದು, ಅದನ್ನು ನೋಡಿ ಬರೆದುಕೊಳ್ಳುತ್ತೇವೆ. ಹಲವು ಬೇಸಿಗೆಯ ಹಾಳೆಗಳನ್ನು ಸಾಲಾಗಿ ಇಟ್ಟರೆ ಯಾವ ವರ್ಷ ಕಟ್ಟೆ ಕಂಡಿತ್ತು, ಯಾವ ವರ್ಷ ಬಾಗಿಲವರೆಗೆ ಮಾತ್ರ ನೀರು ಇಳಿದಿತ್ತು ಎಂಬುದು ತಾನೇ ಹೇಳುತ್ತದೆ.

ಮಳೆ ಹಿಡಿದ ಮೇಲೆ ನಮ್ಮ ಓಡಾಟ ಕೆಳಕ್ಕೆ ಸರಿಯುತ್ತದೆ. ಜುಲೈ, ಆಗಸ್ಟಿನಲ್ಲಿ ಗೋಕಾಕ ಜಲಪಾತ, 52 ಮೀಟರ್ ಎತ್ತರದಿಂದ ಕೆಮ್ಮಣ್ಣಿನ ಬಣ್ಣದಲ್ಲಿ ಬೀಳುವ ನೀರು, ಮೇಲೆ ಇನ್ನೂರು ಮೀಟರಿನ ತೂಗುಸೇತುವೆ, ದಂಡೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಗಿರಣಿ. ಅಲ್ಲಿ ತುಂತುರಿಗೆ ಹಾಳೆ ಒಣಗುವುದೇ ಇಲ್ಲ. ಚಳಿಗಾಲಕ್ಕೆ ಧೂಪದಾಳದ ಪಕ್ಷಿಧಾಮ. 2019ರ ಆಗಸ್ಟಿನ ನೆರೆಯಲ್ಲಿ ಗೋಕಾಕದ ಓಣಿಗಳಿಗೆ ನೀರು ನುಗ್ಗಿದಾಗ ಮಾಸ್ತರರ ಹಳೆಯ ಸ್ಕೆಚ್ ಬುಕ್ಕುಗಳು ಕೆಸರಾದವು. ಒಗೆದು ಒಣಗಿಸಿದ ಹಾಳೆಗಳನ್ನು ಅವರು ಇಟ್ಟುಕೊಂಡಿದ್ದಾರೆ. ಪೆನ್ಸಿಲಿನ ಗೆರೆ ಹೋಗಿಲ್ಲ.

ಬರುವ ಮನಸ್ಸಿದ್ದವರಿಗೆ ನಾಲ್ಕು ಮಾತು. ಏಪ್ರಿಲ್ ಕೊನೆಯಿಂದ ಜೂನ್ ಮೊದಲ ಮಳೆಯ ತನಕ ಸರಿಯಾದ ಕಾಲ. ಹೊರಡುವ ಮುಂಚೆ ನೀರಿನ ಮಟ್ಟ ನೋಡಿಕೊಳ್ಳಿ. ಅಣೆಕಟ್ಟೆಯ ಹತ್ತಿರ ಕಾವಲಿನವರು ಬೇಡವೆಂದರೆ ವಾದ ಬೇಡ. ಒಣಗಿದಂತೆ ಕಾಣುವ ಮೆಕ್ಕಲಿನಲ್ಲಿ, ನೀರಿನಂಚಿಗೆ ಹೋದರೆ, ಕಾಲು ಮೊಳಕಾಲುದ್ದ ಹೂತುಹೋಗುತ್ತದೆ, ಮಕ್ಕಳನ್ನು ದೂರ ಇಡಿ. ಗುಡಿಯ ಗೋಡೆಯ ಮೇಲೆ ಹೆಸರು ಕೆತ್ತಬೇಡಿ. ಬ್ರಷ್ಷು ತೊಳೆದ ನೀರನ್ನು ಬಾಟಲಿಗೆ ತುಂಬಿ ವಾಪಸು ಒಯ್ಯಿರಿ. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತವೆ, ಬೆಳಗಾವಿಯ ನಲ್ಲಿಗಳಿಗೆ ಈ ಜಲಾಶಯದ ನೀರೂ ಬರುತ್ತದೆ.

ಹಿಡಕಲ್ಲೇ ಆಗಬೇಕೆಂದಿಲ್ಲ. ಲಿಂಗನಮಕ್ಕಿ, ನವಿಲುತೀರ್ಥ, ಆಲಮಟ್ಟಿ, ನಿಮ್ಮ ಹತ್ತಿರ ಯಾವ ಹಿನ್ನೀರಿದೆಯೋ ಅಲ್ಲಿಗೆ ಬುಕ್ಕು ಪೆನ್ಸಿಲು ಹಿಡಿದು ಹೋಗಿ. ಹೋಗುವಾಗ ಆ ಊರನ್ನು ಕಂಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರು ತೋರಿಸಿದಲ್ಲಿ ಮನೆ ಬರೆಯಿರಿ, ಹೆಸರು ಬರೆಯಿರಿ. ಅದಕ್ಕೆ ಒಳ್ಳೆಯ ಚಿತ್ರಕಾರರಾಗಿರಬೇಕಿಲ್ಲ. ತಡ ಮಾತ್ರ ಮಾಡಬೇಡಿ: ಹಿಡಕಲ್ ತುಂಬಿದಾಗ ಹತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತರ ಹತ್ತಿರ.